ಬಚ್ಚಲ ನೀರು ಬಾವಿಗೆ ಬಂದಾಗ

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ, ಕೊಳವೆಯಲ್ಲಿ ಹರಿದು, ಹುಬ್ಬಳ್ಳಿಯ ಒಂದು ಮನೆಯ ನಳಕ್ಕೆ ಬರುತ್ತದೆ. ಅದು ಬರುವ ದಿನ, ಬರುವ ಹೊತ್ತು ಮನೆಮಂದಿಗೆಲ್ಲ ಬಾಯಿಪಾಠ. ಕೊಡ, ಬಕೆಟ್ಟು, ಹಂಡೆ, ಮಾಳಿಗೆಯ ಮೇಲಿನ ಟ್ಯಾಂಕು ಎಲ್ಲ ತುಂಬಬೇಕು. ಒಂದು ತಂಬಿಗೆ ಚೆಲ್ಲಿದರೂ ಅಜ್ಜಿ ಗದರುತ್ತಾಳೆ. ಆದರೆ ಅದೇ ನೀರು ಬಚ್ಚಲಿಗೆ ಇಳಿದ ಮರುಕ್ಷಣದಿಂದ ಅದರ ಸುದ್ದಿ ಯಾರಿಗೂ ಬೇಡ.

ಬೇಡವೆಂದ ಮಾತ್ರಕ್ಕೆ ಆ ನೀರು ಇಲ್ಲವಾಗುವುದಿಲ್ಲ. ಮನೆಗೆ ಬಂದ ನೂರು ಲೀಟರಿನಲ್ಲಿ ಸುಮಾರು ಎಂಬತ್ತು ಲೀಟರು ಚರಂಡಿಯ ಪಾಲಾಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ನಾವು ನೀರನ್ನು ಖರ್ಚು ಮಾಡುತ್ತೇವೆ ಎನ್ನುವುದು ತಪ್ಪು. ಅದನ್ನು ಕೊಳಕು ಮಾಡಿ ಮುಂದಕ್ಕೆ ಕಳಿಸುತ್ತೇವೆ, ಅಷ್ಟೆ. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೇ ಒಂಬತ್ತು ಲಕ್ಷ ದಾಟಿತ್ತು. ಇಷ್ಟು ಮಂದಿಯ ಸ್ನಾನದ ನೀರು, ಮುಸುರಿಯ ನೀರು, ಸೀರೆ ಹಿಂಡಿದ ನೀರು, ಪಾಯಖಾನೆಯ ನೀರು ಎಲ್ಲ ಸೇರಿದರೆ ಅದೊಂದು ಸಣ್ಣ ನದಿಯೇ. ಹುಬ್ಬಳ್ಳಿಯಲ್ಲಿ ಅದು ನಾಲೆಯಾಗಿ ಊರ ನಡುವೆ ಹಾಯ್ದು ಬಿಡನಾಳ, ಗಬ್ಬೂರಿನ ಕಡೆ ಹೋಗುತ್ತದೆ. ಧಾರವಾಡದಲ್ಲಿ ಮಡಿಹಾಳದ ಕಡೆ. ಚೈತ್ರ-ವೈಶಾಖದಲ್ಲಿ ಸುತ್ತಲಿನ ಹಳ್ಳಗಳೆಲ್ಲ ಬತ್ತಿ ಉಸುಕು ಕಾಣುವಾಗಲೂ ಈ ಹರಿವಿಗೆ ಬರಗಾಲವಿಲ್ಲ.

ಹರಿಯುವ ನೀರನ್ನು ರೈತ ಸುಮ್ಮನೆ ನೋಡುತ್ತ ಕೂಡುವುದಿಲ್ಲ. ನಾಲೆಗೆ ಪಂಪು ಹಚ್ಚಿ ಹೊಲಕ್ಕೆ ನೀರು ಹಾಯಿಸುವುದು ಇಲ್ಲಿ ದಶಕಗಳಿಂದ ನಡೆದುಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಬ್ರಿಟನ್ನಿನ ಸಂಶೋಧಕರು ಜೊತೆಗೂಡಿ ಈ ಬೇಸಾಯವನ್ನು ಊರೂರು ಸುತ್ತಿ ಅಭ್ಯಾಸ ಮಾಡಿದರು. ಆ ವರದಿ 2003ರಲ್ಲಿ ಪ್ರಕಟವಾಯಿತು. ಊರಿಗೆ ಹತ್ತಿರದ ಹೊಲಗಳಲ್ಲಿ ಕಾಯಿಪಲ್ಲೆ, ಇನ್ನಷ್ಟು ಮುಂದೆ ಹೋದಂತೆ ಪೀಕಿನ ಜೊತೆ ಕಾಯಿಪಲ್ಲೆ, ಅದಕ್ಕೂ ಆಚೆ ಚಿಕ್ಕು, ಪೇರಲ, ತೆಂಗು, ತೇಗದಂಥ ಗಿಡಮರಗಳ ತೋಟ ಅವರಿಗೆ ಕಂಡವು. ಮಳೆಯೊಂದನ್ನೇ ನಂಬಿ ಒಂದು ಬೆಳೆ ತೆಗೆಯುತ್ತಿದ್ದ ನೆಲದಲ್ಲಿ ಬೇಸಿಗೆಯ ಬೆಳೆಯೂ ಬಂತು. ಬೋರು ಕೊರೆಸುವ ದುಡ್ಡಿಲ್ಲದವನಿಗೆ, ಕೊರೆಸಿದರೂ ಸವಳು ನೀರೇ ಸಿಗುವವನಿಗೆ, ಈ ನಾಲೆ ಅನ್ನ ಕೊಟ್ಟಿತು. ಅದರಲ್ಲಿನ ಸಾರಜನಕ, ರಂಜಕಗಳಿಂದಾಗಿ ಗೊಬ್ಬರದ ಚೀಲದ ಖರ್ಚೂ ಇಳಿಯಿತು.

ಅದೇ ಸಂಶೋಧಕರು ಇನ್ನೊಂದು ಮುಖವನ್ನೂ ನೋಡಿದರು. ಕಳೆ ವಿಪರೀತ, ಕೀಟದ ಕಾಟ ವಿಪರೀತ, ಅದಕ್ಕಾಗಿ ಸಿಂಪಡಿಸುವ ಔಷಧಿಯೂ ವಿಪರೀತ. ಆಸ್ಪತ್ರೆಗಳ ಕಸ ಚರಂಡಿಗೆ ಬಿದ್ದು ನೀರಿನ ಜೊತೆ ಬಂದು, ಹೊಲದ ಮಣ್ಣಿನಲ್ಲಿ ಚುಚ್ಚುಮದ್ದಿನ ಸೂಜಿಗಳು ಸಿಗುತ್ತಿದ್ದವು. ಬರಿಗೈಯಲ್ಲಿ, ಬರಿಗಾಲಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಲಕ್ಕೆ ಬಿಟ್ಟ ಈ ನೀರೆಲ್ಲ ಬೆಳೆಯ ಬೇರಿಗೇ ಹೋಗುವುದಿಲ್ಲ. ಒಂದು ಪಾಲು ಕೆಳಗಿಳಿದು ಅಂತರ್ಜಲ ಸೇರುತ್ತದೆ. ಅಂದರೆ ‘ತ್ಯಾಜ್ಯನೀರಿನಿಂದ ಅಂತರ್ಜಲ ಮರುಪೂರಣ’ ಎಂದು ಈಗ ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆಯಾಗುವ ಕೆಲಸ ಅವಳಿ ನಗರದ ಅಂಚಿನಲ್ಲಿ ಯೋಜನೆ, ಟೆಂಡರು, ಉದ್ಘಾಟನೆ ಯಾವುದೂ ಇಲ್ಲದೆ, ಯಾರೂ ಅಳೆಯದೆ ನಡೆದೇ ಇದೆ. ಮೆಕ್ಸಿಕೋ ನಗರದ ಉತ್ತರಕ್ಕಿರುವ ಮೆಸ್ಕಿತಾಲ್ ಕಣಿವೆಯಲ್ಲಿ ಇದೇ ಬಗೆಯ ಬೇಸಾಯ ನೂರು ವರ್ಷಕ್ಕೂ ಹಿಂದಿನಿಂದ ಸಾಗಿ, ಒಣನೆಲದಲ್ಲಿ ಹೊಸ ಒರತೆಗಳೇ ಹುಟ್ಟಿಕೊಂಡವು. ಆ ಒರತೆಗಳ ನೀರನ್ನು ಜನ ಕುಡಿಯತೊಡಗಿದರು.

ಇಲ್ಲಿ ಏಳುವ ಪ್ರಶ್ನೆ ಸರಳವಾದದ್ದು. ಮಣ್ಣು ನೀರನ್ನು ಸೋಸುತ್ತದೆಯಲ್ಲ, ಮತ್ತೇಕೆ ಚಿಂತೆ?

ಶಾಲೆಯ ಮಕ್ಕಳು ಇದಕ್ಕೆ ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಪ್ಲಾಸ್ಟಿಕ್ ಬಾಟಲಿಯೊಂದರ ತಳ ಕತ್ತರಿಸಿ, ತಲೆಕೆಳಗು ಹಿಡಿದು, ಬಾಯಿಗೆ ಅರಿವೆ ಕಟ್ಟಿ, ಒಳಗೆ ಮೊದಲು ಸಣ್ಣ ಜಲ್ಲಿ, ಅದರ ಮೇಲೆ ಚೆನ್ನಾಗಿ ತೊಳೆದ ಉಸುಕು ತುಂಬಿ. ಒಂದು ಲೋಟ ನೀರಿಗೆ ಚಿಟಿಕೆ ಮಣ್ಣು, ಎರಡು ಚಮಚ ಉಪ್ಪು ಹಾಕಿ ಕಲಕಿ ಮೇಲಿನಿಂದ ಸುರಿಯಿರಿ. ಎರಡು ಮೂರು ಸಲ ಸೋಸಿದರೆ ಕೆಳಗೆ ಬರುವ ನೀರು ತಿಳಿಯಾಗುತ್ತದೆ. ಅದನ್ನು ತಟ್ಟೆಗೆ ಹಾಕಿ ಬಿಸಿಲಿಗಿಡಿ. ನೀರು ಆರಿದ ಮೇಲೆ ತಟ್ಟೆಯಲ್ಲಿ ಉಪ್ಪಿನ ಬಿಳಿ ಉಳಿದಿರುತ್ತದೆ. ಉಸುಕು ಮಣ್ಣನ್ನು ಹಿಡಿಯಿತು, ಉಪ್ಪನ್ನು ಬಿಟ್ಟುಕೊಟ್ಟಿತು. ತಿಳಿಯಾದದ್ದೆಲ್ಲ ಶುದ್ಧವಲ್ಲ.

ನಿಜವಾದ ನೆಲ ಬಾಟಲಿಗಿಂತ ಜಾಣ. ಅದರೊಳಗೆ ಜೀವವಿದೆ. ಹಿಡಿ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿದ್ದು, ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ. ರೋಗಾಣುಗಳಲ್ಲಿ ಬಹಳಷ್ಟು ಮಣ್ಣಿನ ಕಣಗಳಿಗೆ ಅಂಟಿ ಅಲ್ಲೇ ಸಾಯುತ್ತವೆ. ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಜಿಗುಟುಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಸೋಸಿತು ಎನ್ನುವುದಕ್ಕಿಂತ ಕೂಡಿಟ್ಟಿತು ಎನ್ನಬೇಕು. ವರ್ಷದಿಂದ ವರ್ಷಕ್ಕೆ ಗಂಟು ಬೆಳೆಯುತ್ತದೆ, ಒಂದು ದಿನ ಅದು ಸೊಪ್ಪಿನ ಬೇರಿಗೂ ಸಿಗಬಹುದು.

ಎಲ್ಲಕ್ಕಿಂತ ಮೋಸಗಾರ ಎಂದರೆ ಸಾರಜನಕ. ಚರಂಡಿ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ. ಮೂಗಿಗೆ ಬಡಿಯುತ್ತದೆ, ಹಾಗಾಗಿ ಯಾರೂ ಆ ನೀರು ಕುಡಿಯುವುದಿಲ್ಲ. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುತ್ತವೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಬಾಟಲಿಯ ಉಪ್ಪಿನಂತೆ ಅದು ಮಣ್ಣಿಗೆ ಅಂಟಿಕೊಳ್ಳದೆ ನೀರಿನ ಜೊತೆ ಸೀದಾ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ದಾಟಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ, ಅದರ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದಿ ತುಟಿ, ಉಗುರು ನೀಲಿಗಟ್ಟಬಹುದು. ತಾಯಂದಿರು ಗಮನಿಸಬೇಕಾದ ಒಂದು ಮಾತಿದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ.

ಇದೆಲ್ಲ ಶುದ್ಧೀಕರಿಸದ ನೀರಿನ ಮಾತಾಯಿತು. ಶುದ್ಧೀಕರಿಸಿ ಬಿಟ್ಟರೆ ತೊಂದರೆಯೇನು ಎಂದು ಕೇಳಬಹುದು. ಆ ಪ್ರಶ್ನೆಗೆ ಕೋಲಾರ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಪಾಠವಾಗಿದೆ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಅತ್ತ ಬೆಂಗಳೂರಿನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಕೊಳಚೆ ನೀರು ಪುಕ್ಕಟೆ ಹರಿಯುತ್ತಿತ್ತು. ಅದನ್ನು ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರಿನಷ್ಟು ಪಂಪು ಮಾಡಿ ಕೋಲಾರದ 126 ಕೆರೆಗಳನ್ನು ತುಂಬಿಸುವ ‘ಕೆ.ಸಿ. ವ್ಯಾಲಿ’ ಯೋಜನೆ ರೂಪುಗೊಂಡಿತು. ಕೆರೆಯಿಂದ ನೇರವಾಗಿ ನೀರೆತ್ತಬಾರದು, ನೆಲಕ್ಕೆ ಇಂಗಿ ಬಾವಿಗೆ ಬಂದ ಮೇಲೆ ಬಳಸಬೇಕು ಎಂಬುದು ಅದರ ಲೆಕ್ಕಾಚಾರ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಸಂಭ್ರಮಪಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಅದೇ ಕೆರೆಯಲ್ಲಿ ಬಿಳಿ ನೊರೆ ಎದ್ದಿತು. ಹೈಕೋರ್ಟು ತಡೆ ನೀಡಿತು. ನಂತರ ನೀರು ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು, ಕೆಲವು ತಿಂಗಳ ಮೇಲೆ ಅದೂ ತೆರವಾಯಿತು.

ಜಗಳದ ತಿರುಳು ಒಂದೇ: ‘ಶುದ್ಧೀಕರಿಸಿದ’ ಎಂಬ ಪದದ ಅರ್ಥವೇನು? ಶುದ್ಧೀಕರಣದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಕಸಕಡ್ಡಿ, ಉಸುಕು, ಗಸಿ ತೆಗೆಯುತ್ತಾರೆ. ಎರಡನೆಯದರಲ್ಲಿ ನೀರಿಗೆ ಗಾಳಿಯೂದಿ ಬ್ಯಾಕ್ಟೀರಿಯಾ ಬೆಳೆಸಿ ಕೊಳೆಯುವ ಪದಾರ್ಥವನ್ನು ಅವುಗಳಿಂದಲೇ ತಿನ್ನಿಸುತ್ತಾರೆ. ರಂಜಕ, ಸಾರಜನಕ, ಸೂಕ್ಷ್ಮ ಕಣ ಮತ್ತು ರೋಗಾಣುಗಳನ್ನು ಬೆನ್ನಟ್ಟಿ ಹಿಡಿಯುವುದು ಮೂರನೆಯ ಮೆಟ್ಟಿಲು. ಅದಕ್ಕೆ ಹಣವೂ ಹೆಚ್ಚು, ವಿದ್ಯುತ್ತೂ ಹೆಚ್ಚು. ಕೋಲಾರಕ್ಕೆ ಹೋದದ್ದು ಎರಡನೆಯ ಮೆಟ್ಟಿಲಿನ ನೀರು. ಮೂರನೆಯದೂ ಬೇಕು ಎಂಬುದು ಅಲ್ಲಿನ ಹೋರಾಟಗಾರರ ಬೇಡಿಕೆ. ನೀರಿನಲ್ಲಿ ಕೊಳೆಯುವ ಪದಾರ್ಥ ಎಷ್ಟಿದೆ ಎಂದು ಅಳೆಯಲು ‘ಜೈವಿಕ ಆಮ್ಲಜನಕ ಬೇಡಿಕೆ’ ಎಂಬ ಅಳತೆಗೋಲು ಇದೆ. ಅದನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಲೆಕ್ಕ ಅದು. ಮಹಾನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಇದನ್ನು ಲೀಟರಿಗೆ 30 ಮಿಲಿಗ್ರಾಂ ಎಂದು ನಿಗದಿ ಮಾಡಿತು. ಅದು ಸಾಲದು, 10 ಇರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಆದೇಶಿಸಿತು. ಒಂದೇ ದೇಶದಲ್ಲಿ, ಎರಡೇ ವರ್ಷದ ಅಂತರದಲ್ಲಿ ‘ಶುದ್ಧ’ದ ಅರ್ಥ ಮೂರು ಪಟ್ಟು ಬಿಗಿಯಾಯಿತು.

ಕೋಲಾರದ ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ನೀರು ಬಂದ ಕೆರೆಗಳ ಆಸುಪಾಸಿನಲ್ಲಿ ಅಂತರ್ಜಲದ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಕಂಡ ರೈತನ ಮುಂದೆ ನಿಂತು ‘ಇದು ಬೇಡ’ ಎನ್ನುವುದು ಸುಲಭವಲ್ಲ. ನೀರಿನ ಮಟ್ಟ ಅಳೆಯಲು ಹಗ್ಗವೊಂದಿದ್ದರೆ ಸಾಕು, ಗುಣ ಅಳೆಯಲು ಪ್ರಯೋಗಾಲಯ ಬೇಕು. ಏರಿಕೆಯ ಸುದ್ದಿ ಮೊದಲು ಬಂದು, ಗುಣದ ಸುದ್ದಿ ತಡವಾಗಿ ಬರುವುದು ಅದಕ್ಕೇ.

ಹೊರದೇಶಗಳಲ್ಲಿ ಇದು ಯಶಸ್ವಿಯಾಗಿಲ್ಲವೇ? ಆಗಿದೆ. ಇಸ್ರೇಲಿನ ಟೆಲ್ ಅವಿವ್ ಸುತ್ತಲಿನ ಊರುಗಳ ಕೊಳಚೆ ನೀರನ್ನು ಶಾಫ್‌ದಾನ್ ಘಟಕದಲ್ಲಿ ಶುದ್ಧೀಕರಿಸಿ, 1970ರ ದಶಕದಿಂದ ಉಸುಕಿನ ದಿಬ್ಬಗಳಲ್ಲಿ ಇಂಗಿಸುತ್ತಾರೆ. ತಿಂಗಳುಗಟ್ಟಲೆ ಉಸುಕಿನೊಳಗೆ ಸಾಗಿದ ನೀರನ್ನು ಬಾವಿಗಳಿಂದ ಮೇಲೆತ್ತಿ ನೆಗೆವ್ ಮರುಭೂಮಿಯ ಹೊಲಗಳಿಗೆ ಕಳಿಸುತ್ತಾರೆ. ಕುಡಿಯಲಿಕ್ಕಲ್ಲ. ಅಷ್ಟು ದೂರದ ಉಸುಕಿನ ಪಯಣ ಮುಗಿಸಿದ ನೀರಿನಲ್ಲೂ ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಎಂಬ ಔಷಧಿಯ ಅಂಶ ಉಳಿದಿರುವುದು ಪತ್ತೆಯಾಗಿದೆ. ಜೊತೆಗೆ ನೆಲದೊಳಗೆ ಆಮ್ಲಜನಕ ಕಡಿಮೆಯಾಗಿ, ಉಸುಕಿಗೆ ಅಂಟಿದ್ದ ಮ್ಯಾಂಗನೀಸ್ ಕರಗಿ ನೀರಿಗೆ ಸೇರಿತು. ಅದು ಕೊಳಚೆಯಿಂದ ಬಂದ ಮ್ಯಾಂಗನೀಸ್ ಅಲ್ಲ, ನೆಲದಲ್ಲೇ ಇದ್ದದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಇನ್ನೂ ಮುಂದೆ ಹೋಯಿತು. ಅಲ್ಲಿ 2008ರಿಂದ ಕೊಳಚೆ ನೀರನ್ನು ಅತಿ ಸೂಕ್ಷ್ಮ ಜರಡಿ, ಮನೆಗಳಲ್ಲಿ ‘ಆರ್.ಓ.’ ಎನ್ನುವ ಯಂತ್ರದ ದೈತ್ಯರೂಪ, ಕೊನೆಗೆ ನೇರಳಾತೀತ ಕಿರಣ ಎಂಬ ಮೂರು ಹಂತಗಳಲ್ಲಿ ಹಾಯಿಸಿ ಭೂಮಿಗೆ ಇಳಿಸುತ್ತಾರೆ. ಹೆಚ್ಚುಕಡಿಮೆ ಬಟ್ಟಿ ಇಳಿಸಿದ ನೀರಿನಷ್ಟೇ ಶುದ್ಧ. ಅಲ್ಲಿಯೂ ಒಂದು ವಿಚಿತ್ರ ಕಂಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತೀರ ಕಡಿಮೆಯಿದ್ದದ್ದರಿಂದ, ಜಿಗುಟುಮಣ್ಣಿನ ಕಣಗಳಿಗೆ ಹಿಡಿದುಕೊಂಡಿದ್ದ ನೈಸರ್ಗಿಕ ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಬಂತು. ಕೊಳಕು ನೀರಷ್ಟೇ ಅಲ್ಲ, ಅತಿ ಶುದ್ಧ ನೀರೂ ನೆಲವನ್ನು ಕೆಣಕುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿದರೆ ತೊಂದರೆ ತಗ್ಗುತ್ತದೆ ಎಂದು ಗೊತ್ತಾದದ್ದು, ಅಲ್ಲಿ ಬಾವಿಗಳ ನೀರನ್ನು ಎಡೆಬಿಡದೆ ಪರೀಕ್ಷಿಸುತ್ತಿದ್ದುದರಿಂದ.

ಇಸ್ರೇಲಿನದು ಉಸುಕಿನ ನೆಲ, ಆರೆಂಜ್ ಕೌಂಟಿಯದು ಉಸುಕು-ಜಲ್ಲಿ-ಮಣ್ಣಿನ ಪದರಗಳು. ಅವು ನಮ್ಮ ಬಾಟಲಿಯ ದೊಡ್ಡಣ್ಣಂದಿರು. ಹುಬ್ಬಳ್ಳಿ-ಧಾರವಾಡದ ಕೆಳಗೆ ಇರುವುದು ಬೇರೆಯೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಪುರಾತನ ಪದರುಗಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. 250 ಕೋಟಿ ವರ್ಷಕ್ಕೂ ಹಳೆಯದಾದ ಈ ಶಿಲೆಗಳ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. (ಧಾರವಾಡವೆಂದರೆ ಪೇಢೆ ಎಂದಷ್ಟೇ ತಿಳಿದವರಿಗೆ ಇದನ್ನೂ ಹೇಳಬೇಕು.) ಈ ಗಟ್ಟಿ ಕಲ್ಲಿನಲ್ಲಿ ನೀರು ಸೋಸಿ ಹೋಗುವ ಸಣ್ಣ ರಂಧ್ರಗಳಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರ, ಅದರ ಕೆಳಗೆ ಬಿರುಕುಗಳು, ಇಷ್ಟೇ ನೀರಿನ ಮನೆ. ಬಿರುಕಿಗೆ ಇಳಿದ ನೀರು ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ; ಅಲ್ಲಿ ಉಸುಕಿನ ಜರಡಿಯಿಲ್ಲ. ಯಾವ ಬಿರುಕು ಯಾವ ಬೋರಿಗೆ ಕೂಡಿದೆ ಎಂದು ಮೇಲಿನಿಂದ ಹೇಳಲೂ ಆಗದು. ಒಬ್ಬನ ಬೋರಿನ ನೀರು ಕೆಟ್ಟು, ಪಕ್ಕದ ಹೊಲದವನ ನೀರು ಚೆನ್ನಾಗಿಯೇ ಇರಬಹುದು.

ಮೇಲಿನ ಮಣ್ಣೂ ಒಂದೇ ಬಗೆಯದಲ್ಲ. ಧಾರವಾಡದ ಪಶ್ಚಿಮಕ್ಕೆ ಮಸಾರಿ, ಹುಬ್ಬಳ್ಳಿಯ ಪೂರ್ವಕ್ಕೆ ಎರಿ. ಮಸಾರಿಯಲ್ಲಿ ನೀರು ಬೇಗ ಇಳಿಯುತ್ತದೆ. ಎರಿ ನೆಲ ಹಸಿಯಾದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಮೇಲೆಯೇ ನಿಂತು ಆರಿ ಉಪ್ಪು ಬಿಡುತ್ತದೆ, ಹೊಲ ಸವಳಾಗುತ್ತದೆ. ಬೇಸಿಗೆಯಲ್ಲಿ ಅದೇ ಎರಿ ಮೊಳಕೈ ಆಳಕ್ಕೆ ಬಿರಿಯುತ್ತದೆ. ಆಗ ಬಿಟ್ಟ ಮೊದಲ ನೀರು ಮಣ್ಣಿನ ಮೈಗೆ ತಾಗುವ ಮೊದಲೇ ಬಿರುಕಿನಲ್ಲಿ ಇಳಿದುಬಿಡುತ್ತದೆ. ಕೆರೆ ತುಂಬಿಸಿ ಇಂಗಿಸುವ ಕೋಲಾರದ ಉಪಾಯವನ್ನು ಇಲ್ಲಿಗೆ ಎತ್ತಿ ತರುವ ಮುನ್ನ ಈ ಮಣ್ಣಿನ ಸ್ವಭಾವ ನೋಡಬೇಕು. ಕಲ್ಲು ತೊಳೆದುಕೊಡದ ನೀರನ್ನು ಮೇಲೆಯೇ ಪೂರ್ತಿ ತೊಳೆದು ಮುಗಿಸಬೇಕು. ಅದಾಗದಿದ್ದರೆ ಕೆಳಗೆ ಕಳಿಸದಿರುವುದೇ ಲೇಸು. ಬಾವಿಯೊಂದು ಕೆಟ್ಟರೆ ಟ್ಯಾಂಕು ತೊಳೆದಂತೆ ಅದನ್ನು ತೊಳೆಯಲಾಗದು.

ಹಾಗಾದರೆ ಇಷ್ಟು ನೀರನ್ನು ಸುಮ್ಮನೆ ಬಿಡಬೇಕೇ? ಖಂಡಿತ ಇಲ್ಲ. ಗಬ್ಬೂರು ಮತ್ತು ಮಡಿಹಾಳದ ಕಡೆ ಶುದ್ಧೀಕರಣ ಘಟಕಗಳಿವೆ. ನಗರಗಳ ತ್ಯಾಜ್ಯನೀರಿನ ಮರುಬಳಕೆಗೆ ರಾಜ್ಯ ಸರ್ಕಾರ 2017ರಲ್ಲಿ ನೀತಿಯನ್ನೂ ರೂಪಿಸಿದೆ. ಘಟಕದಿಂದ ಹೊರಬಂದ ನೀರನ್ನು ನೆಲದಾಳಕ್ಕೆ ತಳ್ಳುವ ಬದಲು ಮೇಲೆಯೇ ದುಡಿಸಬಹುದು: ಕಾರ್ಖಾನೆಯ ಯಂತ್ರ ತಂಪು ಮಾಡಲು, ಕಟ್ಟಡದ ಕೆಲಸಕ್ಕೆ, ಉದ್ಯಾನಗಳಿಗೆ, ಹತ್ತಿ-ಮೇವು-ಗಿಡಮರಗಳ ಬೇಸಾಯಕ್ಕೆ. ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಗೆ ಮಾತ್ರ ಬೇಡ. ಹೀಗೆ ಬಳಸಿದ ಒಂದೊಂದು ಕೊಡಕ್ಕೂ ಯಾವುದೋ ಬೋರಿನಿಂದ ಒಂದು ಕೊಡ ಎತ್ತುವುದು ತಪ್ಪುತ್ತದೆ. ಎತ್ತದೆ ಬಿಟ್ಟ ನೀರೂ ತುಂಬಿಸಿದ ನೀರಿಗೆ ಸಮ. ಕಲ್ಲಿನ ಬಿರುಕಿಗೆ ಇಳಿಸಲು ಮಾಳಿಗೆಯ ಮೇಲೆ ಬೀಳುವ ಮಳೆನೀರು ಇದ್ದೇ ಇದೆ. ಅದರಲ್ಲಿ ಸಾಬೂನಿಲ್ಲ, ಗುಳಿಗೆಯಿಲ್ಲ.

ಹಿಂದಿನವರ ಹಿತ್ತಲಿನಲ್ಲಿ ಇದರ ಒಂದು ಸಣ್ಣ ಮಾದರಿಯಿತ್ತು. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗುತ್ತಿತ್ತು. ಪಾಯಖಾನೆ ದೂರ, ಬಾವಿ ಇನ್ನೊಂದು ದಿಕ್ಕಿಗೆ. ಆಗ ಬಟ್ಟೆ ಒಗೆಯಲು ಇದ್ದದ್ದು ಸೀಗೆ, ಅಂಟುವಾಳ, ಬಾರ್ ಸೋಪು. ಈಗಿನ ಬಚ್ಚಲಿನಲ್ಲಿ ಹತ್ತಾರು ಬಾಟಲಿಗಳು. ಅವಧಿ ಮುಗಿದ ಗುಳಿಗೆಗಳನ್ನು ಪಾಯಖಾನೆಗೆ ಹಾಕಿ ನೀರು ಬಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳು ಅನ್ನದ ಗಂಜಿಯನ್ನು ತಿನ್ನುತ್ತವೆ. ಆ್ಯಂಟಿಬಯೋಟಿಕ್ಕನ್ನು ತಿಂದು ಅರಗಿಸಿಕೊಳ್ಳುವುದು ಅವಕ್ಕೆ ಕಷ್ಟ. ಅದರ ನಡುವೆಯೇ ಬದುಕುವುದನ್ನು ಕಲಿತ ರೋಗಾಣುಗಳು ಬೆಳೆಯುವುದಕ್ಕೂ ಅದು ಒಳ್ಳೆಯ ಜಾಗ.

ಇನ್ನು ಬಾವಿಗಳ ಪರೀಕ್ಷೆ. ಜಲಜೀವನ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಸಣ್ಣ ಪೆಟ್ಟಿಗೆಗಳನ್ನು ಒದಗಿಸಿದ್ದಾರೆ. ನಾಲೆಯ ಪಕ್ಕದ ಹಳ್ಳಿಗಳ ಹೈಸ್ಕೂಲು ವಿದ್ಯಾರ್ಥಿಗಳು ವಿಜ್ಞಾನ ಮೇಷ್ಟ್ರ ಜೊತೆ ಪಂಚಾಯಿತಿಗೆ ಹೋಗಿ ಅದನ್ನು ಕೇಳಬಹುದು. ಹಸುಗೂಸಿರುವ ಮನೆಯವರು ಕುಡಿಯುವ ಬಾವಿ, ಬೋರುಗಳಿಂದ ಮೊದಲು ನೀರು ತರಬೇಕು. ಒಮ್ಮೆ ಮೇ ತಿಂಗಳಲ್ಲಿ, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ. ಬಾಟಲಿಯ ಮೇಲೆ ಬಾವಿಯ ಗುರುತು, ತಾರೀಖು, ನಾಲೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ಬರೆದಿಡಬೇಕು. ಪುಡಿ ಹಾಕಿ ಅಲುಗಾಡಿಸಿ, ಪೆಟ್ಟಿಗೆಯಲ್ಲಿ ಬರೆದಷ್ಟು ಹೊತ್ತು ಕಾದು, ಬಣ್ಣದ ಚೀಟಿಯ ಪಕ್ಕ ಹಿಡಿದು ನೋಡಬೇಕು. ಗುಲಾಬಿ ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಚೀಟಿಯಲ್ಲಿ 45ರ ಗುರುತು ದಾಟಿದ ಬಾವಿಯ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಯವರೆಗೆ ಆ ಮನೆಯ ಕೂಸಿಗೆ ಬೇರೆ ನೀರು.